ಇಪ್ಪತ್ತೆಂಟು ಅಂದರು, ಎಂಬತ್ತನಾಲ್ಕು ಅಂದರು

ಮಾರ್ಚ್ 9, ಮಂಗಳವಾರ. ಬೆಳಿಗ್ಗೆ 5.50

ಬಸ್ಸಿಗೆ ಇನ್ನೂ ಹದಿನೈದು ನಿಮಿಷ. ಚಹಾ ಆಯಿತು. ತಂಗಿಯ ಬೆಳಗಿನ ಮಾತ್ರೆ ತೆಗೆದಿಟ್ಟಾಯಿತು — ಎರಡು ಬಿಳಿ, ಒಂದು ಹಳದಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ದರಿದ್ರ ಕ್ಯಾಪ್ಸೂಲ್ ಒಂದು. ಅವಳೇ ತೆಗೆದುಕೊಳ್ಳಬಲ್ಲಳು. ನಲವತ್ತಾರು ವರ್ಷದ ಹೆಂಗಸು, ಪುಸ್ತಕಗಳ ಪ್ರೂಫ್ ತಿದ್ದಿ ಬದುಕುವವಳು, ಒಂದು ಕಾಮಾ ಆಚೀಚೆಯಾದರೂ ಕಣ್ಣಿಗೆ ಬೀಳುತ್ತದೆ. ಆದರೂ ನಾನೇ ಇಡಬೇಕು. ಇಲ್ಲದಿದ್ದರೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುವುದಿಲ್ಲ ನನಗೆ. ಚಟ.

ಲಸಿಕೆಯ ನನ್ನ ಎರಡನೇ ಡೋಸಿಗೆ ಇನ್ನು ಹದಿಮೂರು ದಿನ. ಅವಳದಕ್ಕೆ ಹದಿನಾರು. ಆಸ್ಪತ್ರೆಯ ಲಾಂಡ್ರಿಯವಳೆಂದು ಮೊದಲನೆಯದು ನನಗೆ ಮುಂಚೆ ಸಿಕ್ಕಿತು. ಕಿಡ್ನಿ ಕಸಿಯಾದವಳೆಂದು ಅವಳಿಗೆ ಮೂರು ದಿನದ ಮೇಲೆ. ಎರಡು ಡೋಸಿನ ನಡುವೆ ಇಪ್ಪತ್ತೆಂಟು ದಿನ ಎಂದಿದ್ದಾರೆ. ಅವಳೊಳಗಿನ ಕಿಡ್ನಿ ನನ್ನದು. ಹನ್ನೊಂದು ವರ್ಷವಾಯಿತು. ಅದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ಬಸ್ಸು ಬಂತು. ಹೊರಟೆ.

ಮಾರ್ಚ್ 12, ಶುಕ್ರವಾರ. ಮಧ್ಯಾಹ್ನ

ಇವತ್ತು ಹನ್ನೊಂದರಿಂದ ಒಂದರವರೆಗೆ ನಾನು ನಾನಲ್ಲ, ಇಸ್ತ್ರಿಯವನು. ಅವನಿಗೆ ಮಗಳ ಸ್ಕೂಲಿನಲ್ಲಿ ಮೀಟಿಂಗ್. ಬ್ಯಾಡ್ಜು ಬಿಚ್ಚಿ ಕೊಟ್ಟು ಹೋದ. ನಾನು ಅದನ್ನು ಚುಚ್ಚಿಕೊಂಡು ಅವನ ಇಸ್ತ್ರಿ ರೋಲರಿನ ಮುಂದೆ ನಿಂತು ನೂರಾ ನಲವತ್ತು ಬೆಡ್‌ಶೀಟು ಒತ್ತಿದೆ. ನನ್ನ ಡ್ರೈಯರನ್ನು ಬಟ್ಟೆ ಮಡಿಸುವ ಹುಡುಗಿಯರು ನೋಡಿಕೊಂಡರು.

ನಮ್ಮ ಲಾಂಡ್ರಿಯಿರುವ ನೆಲಮಾಳಿಗೆಯಲ್ಲಿ ಇದು ಮೊದಲಿನಿಂದ ಬಂದ ಪದ್ಧತಿ. ಮಷಿನ್ನಿನ ಮುಂದೆ ಆ ನಂಬರಿನ ಬ್ಯಾಡ್ಜು ಇದ್ದರಾಯಿತು, ಬ್ಯಾಡ್ಜಿನ ಹಿಂದೆ ಯಾರಿದ್ದಾರೆಂದು ಕೇಳುವವರಿಲ್ಲ. ಹಬೆಗೆ ಫೋಟೋಗಳೆಲ್ಲ ಎಂದೋ ಸುಲಿದು ಹೋಗಿವೆ. ನನ್ನದರಲ್ಲಿ ಒಂದು ಕಿವಿ ಮಾತ್ರ ಉಳಿದಿದೆ. ನಮ್ಮ ಇನ್‌ಚಾರ್ಜಿಗೂ ಗೊತ್ತು. ಸದಾ ಡ್ಯೂಟಿ ಚಾರ್ಟನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಾನೆಂದು ಅವನನ್ನು ಎಲ್ಲರೂ ಚಾರ್ಟು ಎಂದೇ ಕರೆಯುವುದು. ಚಾರ್ಟಿಗೆ ಚಾರ್ಟು ತುಂಬಿದರೆ ಸಾಕು.

ಮಾರ್ಚ್ 16, ಮಂಗಳವಾರ. ಸಂಜೆ 6

ತಲೆ ಕೆಟ್ಟು ಹೋಗಿದೆ.

ಊಟದ ಹೊತ್ತಿಗೆ ಇಸ್ತ್ರಿಯವನ ಫೋನಿಗೆ ಸುದ್ದಿ ಬಂತು. ಇನ್ನು ಮೇಲೆ ಇಪ್ಪತ್ತೆಂಟಲ್ಲ, ಎಂಬತ್ತನಾಲ್ಕು ದಿನ. ಹನ್ನೆರಡು ವಾರ. ಹೆಚ್ಚು ಜನಕ್ಕೆ ಮೊದಲನೆಯದು ಸಿಗಲಿ ಎಂದು ಒಂದು ಕಾರಣ. ಅಂತರ ಹೆಚ್ಚಿದಷ್ಟೂ ಒಳ್ಳೆಯದೆಂದು ಇನ್ನೊಂದು. ಆಸ್ಪತ್ರೆ ಸ್ಟಾಫಿಗೆ ಕೊಟ್ಟ ಡೇಟು ಹಾಗೇ ಇರುತ್ತದಂತೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಬಿಡಲಿಲ್ಲ.

ನಾಲ್ಕು ಗಂಟೆಗೆ ತಂಗಿಯ ಮೆಸೇಜು. ಮಾರ್ಚ್ 25 ರದ್ದು. ಮೇ 20 ಅಂತೆ.

ಮನೆಗೆ ಬಂದರೆ ಇವಳು ಆರಾಮಾಗಿ ಪ್ರೂಫ್ ತಿದ್ದುತ್ತ ಕೂತಿದ್ದಾಳೆ. ಎಲ್ಲರಿಗೂ ಅದೇ ಅಲ್ಲವೇ, ಕಾದರಾಯಿತು ಎಂದಳು. ಎಲ್ಲರ ಹಾಗೆ ನೀನಿದ್ದೀಯಾ ಎಂದು ಕೇಳಬೇಕೆಂದು ಬಾಯಿ ತನಕ ಬಂತು. ಕಿಡ್ನಿಯನ್ನು ದೇಹ ದೂಡದ ಹಾಗೆ ಇವಳ ಮೈಯ ಕಾವಲನ್ನೇ ಮಾತ್ರೆ ಕೊಟ್ಟು ಮಲಗಿಸಿದ್ದೇವೆ. ನೆಗಡಿ ಬಂದರೂ ಒಂದು ತಿಂಗಳು. ನುಂಗಿಕೊಂಡೆ. ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಾರ್ಚ್ 18, ಗುರುವಾರ

ನಿನ್ನೆ ಕಿಡ್ನಿ ಡಾಕ್ಟರಮ್ಮನಿಗೆ ಫೋನ್ ಮಾಡಿದ್ದೆ. ಉಳಿದವರ ಲೆಕ್ಕ ಬೇರೆ, ನಿಮ್ಮ ತಂಗಿಯ ಲೆಕ್ಕ ಬೇರೆ, ಒಂದೇ ಡೋಸಿನ ಮೇಲೆ ಇವರನ್ನು ಅಷ್ಟು ದಿನ ಬಿಡುವುದು ನನಗಿಷ್ಟವಿಲ್ಲ ಎಂದರು. ಸಂಜೆ ಹೋದಾಗ, ನಾಲ್ಕು ವಾರದೊಳಗೆ ಕೊಡಿ ಎಂದು ಪತ್ರ ಬರೆದುಕೊಟ್ಟರು. ಸಹಿ, ಸೀಲು, ಎಲ್ಲ.

ಇವತ್ತು ಅರ್ಧ ದಿನ ರಜೆ ಹಾಕಿ ಲಸಿಕೆ ಕೇಂದ್ರಕ್ಕೆ ಹೋದೆ. ಮೂರು ಕೌಂಟರ್. ಮೊದಲನೆಯವಳು ಎರಡನೆಯವನ ಕಡೆ ಕೈ ತೋರಿಸಿದಳು, ಎರಡನೆಯವನು ಮೂರನೆಯವಳ ಕಡೆ. ಮೂರನೆಯವಳು ಒಳ್ಳೆಯವಳು, ಪತ್ರ ಪೂರ್ತಿ ಓದಿದಳು. ನಂಬರು ಹಾಕಿದಳು. ಪರದೆಯ ಮೇಲೆ ಕೆಂಪು ಚೌಕ. ಮೇ 20ಕ್ಕೆ ಮೊದಲು ಹಾಕಿದರೆ ಕಂಪ್ಯೂಟರೇ ತೆಗೆದುಕೊಳ್ಳುವುದಿಲ್ಲವಂತೆ. ಕಂಪ್ಯೂಟರಿಗೆ ಓದಲು ಬರುವುದಿಲ್ಲವೇ ಎಂದೆ. ಹಿಂದಿನವರು ನಕ್ಕರು. ಅವಳು ನಗಲಿಲ್ಲ. ಪಾಪ, ಬೆಳಿಗ್ಗೆಯಿಂದ ನನ್ನಂಥವರು ಎಷ್ಟು ಜನ ಬಂದು ಕೂಗಾಡಿದ್ದರೋ.

ಪತ್ರ ಮಡಿಸಿ ವಾಪಸು ತಂದೆ. ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿಬಿಟ್ಟೆ.

ಮಾರ್ಚ್ 20, ಶನಿವಾರ

ಹೊಳೆಯಿತು. ಎರಡು ದಿನದಿಂದ ಕಣ್ಣೆದುರೇ ಇತ್ತು.

ಡ್ಯೂಟಿ ಅದಲುಬದಲು ಮಾಡಿಕೊಂಡ ಹಾಗೆ, ಅಷ್ಟೆ. ಸೋಮವಾರದ ನನ್ನ ಡೋಸನ್ನು ಅವಳು ಹಾಕಿಸಿಕೊಳ್ಳಲಿ. ಮೇ 20ರ ಅವಳ ಡೋಸನ್ನು ನಾನು ಹಾಕಿಸಿಕೊಳ್ಳುತ್ತೇನೆ. ಔಷಧಿ ಒಂದೇ. ಮುಖಕ್ಕೆ ಮಾಸ್ಕ್, ಬ್ಯಾಡ್ಜಿನಲ್ಲಿ ಒಂದು ಕಿವಿ. ಸ್ಟಾಫಿಗೆ ಲಸಿಕೆ ಹಾಕುವ ಮೇಲಿನ ಮಹಡಿಯವರಿಗೆ ನೆಲಮಾಳಿಗೆಯವರ ಮುಖ ಎಲ್ಲಿ ಗೊತ್ತು?

ಅವಳಿಗೆ ಹೇಳಿದೆ. ಸಾಧ್ಯವೇ ಇಲ್ಲ ಎಂದಳು. ಸುಳ್ಳು ಸುಳ್ಳೇ ಎಂದಳು. ಪ್ರೂಫ್ ತಿದ್ದುವವರ ಬುದ್ಧಿ. ವಾದ ಮಾಡಿದೆ, ಬೈದೆ, ಮಧ್ಯಾಹ್ನ ಊಟ ಬಿಟ್ಟೆ. ಕೊನೆಗೆ ಅತ್ತೆ. ನಾಟಕವಲ್ಲ. ಸ್ವಲ್ಪ ನಾಟಕ. ಎಂಬತ್ತನಾಲ್ಕು ದಿನ ನಿನ್ನ ಉಸಿರನ್ನೇ ಕೇಳಿಸಿಕೊಳ್ಳುತ್ತ ಕೂರಲು ನನ್ನಿಂದಾಗುವುದಿಲ್ಲ ಎಂದೆ. ಅದು ಮಾತ್ರ ಅಪ್ಪಟ ನಿಜ.

ಸಂಜೆ ಒಪ್ಪಿದಳು. ಒಪ್ಪಿದ ಮೇಲೆ ಮುಖ ಗಂಟು ಹಾಕಿಕೊಂಡು ಮಲಗಿದಳು. ನನಗೇನು. ಒಪ್ಪಿದಳಲ್ಲ.

ಮಾರ್ಚ್ 22, ಸೋಮವಾರ. ಮಧ್ಯಾಹ್ನ 12.40

ಆಯಿತು.

ಮೆಟ್ಟಿಲ ಕೆಳಗೆ ತಂಗಿಗೆ ನನ್ನ ಕೋಟು ಹಾಕಿಸಿದೆ, ಬ್ಯಾಡ್ಜು ಚುಚ್ಚಿದೆ. ಮೂವತ್ತೊಂದನೇ ನಂಬರ್. ಮೇಲೆ ಹೋದಳು. ನಲವತ್ತು ನಿಮಿಷ ಕಾದೆ. ದಿಂಬಿನ ಕವರುಗಳನ್ನು ಟವೆಲಿನ ರಾಶಿಗೆ ಹಾಕಿದೆ. ಇಸ್ತ್ರಿಯವನು ವಾರೆಗಣ್ಣಲ್ಲಿ ನೋಡಿ ಅವನ್ನು ಬೇರೆ ಮಾಡಿಟ್ಟ.

ಇಳಿದು ಬಂದಳು, ತೋಳಿಗೆ ಹತ್ತಿ ಒತ್ತಿಕೊಂಡು. ನಿನ್ನ ಹೆಸರು ಕೂಗಿದಾಗ ಏಳುವುದೇ ಮರೆತೆ, ಎರಡು ಸಲ ಕೂಗಿಸಿಕೊಂಡೆ ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು. ಕೊಳೆ ಬಟ್ಟೆಯ ಗಾಡಿಗೆ ಒರಗಿಕೊಂಡು ಸ್ಕೂಲು ಹುಡುಗಿಯರ ಹಾಗೆ ನಕ್ಕೆವು. ಎಷ್ಟು ವರ್ಷವಾಗಿತ್ತೋ.

ಫೋನಿಗೆ ಮೆಸೇಜು: ನಿಮ್ಮ ಎರಡೂ ಡೋಸ್ ಪೂರ್ಣಗೊಂಡಿವೆ, ಅಭಿನಂದನೆಗಳು. ನನಗೆ.

ಏಪ್ರಿಲ್ 5, ಸೋಮವಾರ. ಸಂಜೆ

ಎರಡು ವಾರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ, ನೆಮ್ಮದಿಯಾಗಿದ್ದೆ. ಇವತ್ತಿಗೆ ಮುಗಿಯಿತು ಅದು.

ಊರಿನಲ್ಲಿ ಜ್ವರ ಏರುತ್ತಿದೆ. ಆಸ್ಪತ್ರೆಯ ಹಿಂದಿನ ಕಟ್ಟಡ ಪೂರ್ತಿ ಜ್ವರದ ಬ್ಲಾಕ್ ಮಾಡಿದ್ದಾರೆ. ಅಲ್ಲಿನ ಬಟ್ಟೆಗೆ ಬೇರೆ ಮಷಿನ್. ಗೋಡೆಯೊಳಗೆ ಕೂರಿಸಿದ್ದು, ಎರಡು ಬಾಗಿಲು. ಈ ಬದಿ ಕೊಳೆ ಹಾಕುವುದು, ಆ ಬದಿ ಶುಚಿಯಾದದ್ದು ತೆಗೆಯುವುದು. ಬೆಳಿಗ್ಗೆ ಚಾರ್ಟು ಎಲ್ಲರನ್ನೂ ನಿಲ್ಲಿಸಿ ಓದಿದ: ಎರಡೂ ಡೋಸ್ ಆಗಿ ಹದಿನಾಲ್ಕು ದಿನ ತುಂಬಿದವರು ಕೊಳೆ ಬದಿಗೆ. ಒಂದೇ ಆದವರು ಶುಚಿ ಬದಿಗೆ. ಮೊದಲ ನಂಬರೇ ಮೂವತ್ತೊಂದು.

ನ್ಯಾಯವಾಗಿಯೇ ಇದೆ ಚಾರ್ಟು. ಅದರಲ್ಲಿ ತಪ್ಪು ನಾನೊಬ್ಬಳೇ.

ಸಹಿ ಮಾಡಿದೆ. ಮಾಡದೆ ಏನು ಹೇಳಲಿ?

ಏಪ್ರಿಲ್ 9, ಶುಕ್ರವಾರ

ಕೊಳೆ ಬದಿ. ಎರಡು ಗ್ಲೋವ್ಸು, ಎರಡು ಮಾಸ್ಕು, ಪ್ಲಾಸ್ಟಿಕ್ ಕೋಟು. ಬೆವರು ಮೊಣಕೈಯಿಂದ ಗ್ಲೋವ್ಸಿನೊಳಗೆ ಇಳಿಯುತ್ತದೆ. ಹಳದಿ ಚೀಲಗಳು ಎರಡು ಗಂಟು ಹಾಕಿಕೊಂಡು ಬರುತ್ತವೆ. ಬಿಚ್ಚದೆ ಹಾಗೇ ಡ್ರಮ್ಮಿಗೆ ಹಾಕಬೇಕೆಂದು ನಿಯಮ. ಆದರೆ ಬೆಡ್‌ಶೀಟಿನಲ್ಲಿ ಏನೇನು ಸುತ್ತಿಕೊಂಡು ಬರುತ್ತದೆಂದು ಮೇಲಿನವರಿಗೇನು ಗೊತ್ತು. ಹೊರಗಿನಿಂದಲೇ ಅಮುಕಿ ನೋಡುತ್ತೇನೆ. ಇವತ್ತು ಗಟ್ಟಿಯಾದದ್ದೇನೋ ಸಿಕ್ಕಿತು. ಬಿಚ್ಚಿದೆ. ಹಲ್ಲಿನ ಸೆಟ್ಟು. ಯಾವ ಮುದುಕರು ಮೇಲೆ ಬೊಚ್ಚು ಬಾಯಲ್ಲಿ ಗಂಜಿ ಕುಡಿಯುತ್ತಿದ್ದಾರೋ. ಬ್ಲೀಚಿನಲ್ಲಿ ಅದ್ದಿ ತೆಗೆದು, ಕವರಿಗೆ ಹಾಕಿ, ಚೀಲದ ಮೇಲಿದ್ದ ವಾರ್ಡಿನ ನಂಬರು ಬರೆದು ಕಳಿಸಿದೆ.

ತಂಗಿಗೆ ಹೇಳಿಲ್ಲ. ಆಸ್ಪತ್ರೆಯಲ್ಲೇ ಸ್ನಾನ ಮಾಡಿ ಬರುತ್ತೇನೆ, ಬೇಸಿಗೆ ಎನ್ನುತ್ತೇನೆ. ತಟ್ಟೆ ಹಿಡಿದು ಕಿಟಕಿಯ ಹತ್ತಿರ ಹೋಗಿ ಕೂರುತ್ತೇನೆ, ಗಾಳಿ ಎನ್ನುತ್ತೇನೆ. ಮನೆಯೊಳಗೂ ಮಾಸ್ಕು, ಧೂಳು ಎನ್ನುತ್ತೇನೆ. ಸುಳ್ಳಿನ ಕಂತೆ ದೊಡ್ಡದಾಗುತ್ತಿದೆ. ಮೇ 20ಕ್ಕೆ ನಲವತ್ತೊಂದು ದಿನ. ಒಂದೇ ಡೋಸಾದರೂ ನನ್ನದು ಗಟ್ಟಿ ಮೈ. ಒಂದು ಕಿಡ್ನಿಯ ಗಟ್ಟಿ ಮೈ.

ಏಪ್ರಿಲ್ 19, ಸೋಮವಾರ

ಸಿಕ್ಕಿಬಿದ್ದೆ.

ಪ್ರೂಫ್ ನೋಡುವವಳ ಕಣ್ಣು. ನನ್ನ ನೀಲಿ ಅಂಗಿಯ ತೋಳಿನ ಅಂಚನ್ನು ಹಿಡಿದು ಬೆಳಕಿಗೆ ತೋರಿಸಿದಳು. ಬಿಳಿ ಚುಕ್ಕೆ. ಇದು ಬ್ಲೀಚು, ಡ್ರೈಯರಿನ ಹತ್ತಿರ ಬ್ಲೀಚು ಯಾಕೆ ಬಂತು ಎಂದಳು. ಹಾಗೆ ಹೀಗೆ ಎಂದೆ. ಅಂಗಿ ಕೆಳಗಿಡಲಿಲ್ಲ. ಎರಡು ವಾರದಿಂದ ನೀನು ನನ್ನ ಪಕ್ಕ ಕೂತಿಲ್ಲ ಎಂದಳು. ಹೇಳಿದೆ. ಎಲ್ಲ.

ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು:

"ಒಂದು ಕಿಡ್ನಿ ಕೊಟ್ಟಿದ್ದು ಸಾಲ್ಲಿಲ್ವಾ ನಿಂಗೆ? ಇನ್ನೂ ಏನೇನು ಕೊಡ್ಬೇಕು ಅಂತ ಇದ್ದೀಯ?"

ಅಂಗಿಯನ್ನು ಅವಳ ಕೈಯಿಂದ ಬಿಡಿಸಿಕೊಂಡು ಬಕೆಟ್ಟಿಗೆ ಹಾಕಿದೆ. ನಾಳೆಯೇ ಚಾರ್ಟಿನ ಹತ್ತಿರ ಹೋಗಿ ನಿಜ ಹೇಳು, ಆ ಬದಿಯಿಂದ ಹೊರಗೆ ಬಾ ಎಂದಳು. ಆಗಲಿ ಎಂದೆ.

ಏಪ್ರಿಲ್ 20, ಮಂಗಳವಾರ. ಮಧ್ಯಾಹ್ನ

ಹೋಗಿದ್ದೆ ಚಾರ್ಟಿನ ಕೋಣೆಗೆ. ಬಾಯಿ ತೆರೆಯುವ ಮುಂಚೆ ಅವನೇ ಶುರು ಮಾಡಿದ. ವಾರ್ಡ್ ಗುಡಿಸುವ ಒಬ್ಬಳು ಯಾರದೋ ಲಸಿಕೆ ಕಾರ್ಡು ತೋರಿಸಿ ಸಿಕ್ಕಿಬಿದ್ದಳಂತೆ, ಬೆಳಿಗ್ಗೆ ಅವಳನ್ನು ಕೆಲಸದಿಂದ ತೆಗೆದರಂತೆ. ನೀವೆಲ್ಲ ಬ್ಯಾಡ್ಜು ಆಟ ಆಡುವುದು ನನಗೆ ಗೊತ್ತು, ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದೆ, ಇದರಲ್ಲಿ ಮಾತ್ರ ಬೇಡ ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಅದೇ ಕಷ್ಟ.

ಏನು ಬಂದಿರಿ ಎಂದು ಕೇಳಿದ. ಹೊಸ ಗ್ಲೋವ್ಸು ಬೇಕಿತ್ತು ಎಂದೆ. ಕೊಟ್ಟ.

ಕೆಲಸ ಹೋದರೆ ಸ್ಟಾಫ್ ಕಾರ್ಡೂ ಹೋಗುತ್ತದೆ. ತಂಗಿಯ ಮಾತ್ರೆಗಳು ಬರುವುದು ಆ ಕಾರ್ಡಿನ ಮೇಲೆ. ಇನ್ನು ಮೂವತ್ತು ದಿನ. ಬಾಯಿಗೆ ಬೀಗ ಹಾಕಿಕೊಂಡು ತಳ್ಳಿದರಾಯಿತು. ಅವಳಿಗೆ ಹೀಗೆ ಹೀಗೆ ಎಂದು ಹೇಳಿದೆ. ಆ ಮಾತ್ರೆ ನುಂಗುವಾಗ ಇನ್ನು ಮೇಲೆ ಏನು ಅನ್ನಿಸುತ್ತದೆ ಗೊತ್ತಾ ಎಂದು ಕೇಳಿದಳು. ಒಳಕೋಣೆಯ ಬಾಗಿಲು ಹಾಕಿಕೊಂಡಳು.

ಮೇ 4, ಮಂಗಳವಾರ

ಇಷ್ಟು ದಿನ ಪೆನ್ನು ಹಿಡಿಯಲು ಮನಸ್ಸೇ ಬರಲಿಲ್ಲ. ಏಳುವುದು, ಹೋಗುವುದು, ಚೀಲ, ಡ್ರಮ್ಮು, ಸ್ನಾನ, ಬರುವುದು. ಮಾತು ಬಾಗಿಲ ಮೂಲಕ. ಹಾಲು ಇಟ್ಟಿದ್ದೇನೆ. ಸರಿ. ಗೀಸರ್ ಆರಿಸು. ಸರಿ.

ಇಸ್ತ್ರಿಯವನಿಗೆ ಜ್ವರ. ಮೊದಲನೆಯದನ್ನೇ ತಡವಾಗಿ ಹಾಕಿಸಿಕೊಂಡಿದ್ದ, ಎರಡನೆಯದು ಜೂನಿಗೆ ಹೋಗಿತ್ತು. ಶುಚಿ ಬದಿಯಲ್ಲಿದ್ದವನು. ಬಸ್ಸಿನಲ್ಲೋ ಎಲ್ಲೋ ಹತ್ತಿಸಿಕೊಂಡ. ನಾಲ್ಕು ದಿನದಿಂದ ಮೇಲೆ ಬ್ಲಾಕಿನಲ್ಲಿದ್ದಾನೆ. ಹಳದಿ ಚೀಲ ಬಂದಾಗಲೆಲ್ಲ ಇದರಲ್ಲಿ ಅವನ ಬೆಡ್‌ಶೀಟು ಯಾವುದೋ ಎನ್ನಿಸುತ್ತದೆ. ಇವತ್ತು ಫೋನ್ ಮಾಡಿದ್ದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಬೆಡ್‌ಶೀಟಿಗೆ ಇಸ್ತ್ರಿಯೇ ಇಲ್ಲ, ಯಾರು ನನ್ನ ರೋಲರಿನ ಮುಂದೆ ನಿಂತಿರೋದು ಅಂದ. ಬದುಕುತ್ತಾನೆ. ತಕರಾರು ಮಾಡುವವನು ಬದುಕುತ್ತಾನೆ.

ದಿನಕ್ಕೆ ಇಪ್ಪತ್ತು ಸಲ ಉಗುಳು ನುಂಗಿ ಗಂಟಲು ನೋಡಿಕೊಳ್ಳುತ್ತೇನೆ. ಇನ್ನು ಹದಿನಾರು ದಿನ.

ಮೇ 6, ಗುರುವಾರ. ಸಂಜೆ 5

ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಲಸಿಕೆ ಮೈಗೆ ಹತ್ತಿದೆಯೇ ಎಂದು ನೋಡಲು ಹಿಂದಿನ ವಾರ ತಂಗಿಯ ರಕ್ತ ತೆಗೆದಿದ್ದರು. ಎರಡೂ ಡೋಸ್ ಹೇಗಾಯಿತೆಂದು ತಂಗಿ ಆಗಲೇ ಅವರಿಗೆ ಹೇಳಿಬಿಟ್ಟಿದ್ದಳು. ನನಗೆ ತಿಳಿಸದೆ. ಸಿಟ್ಟು ಬಂತು, ಆದರೆ ಅಲ್ಲಿ ತೋರಿಸುವ ಹಾಗಿರಲಿಲ್ಲ.

ಸೊನ್ನೆ. ರಿಪೋರ್ಟಿನಲ್ಲಿ ಸೊನ್ನೆ ಎಂದೇ ಇಲ್ಲ, ಏನೋ ಒಂದಕ್ಕಿಂತ ಕಡಿಮೆ ಎಂದಿದೆ. ಸೊನ್ನೆಯೇ ಅದು. ಎರಡೂ ಡೋಸು ಹಾಕಿಸಿಕೊಂಡರೂ ಇವಳ ಮೈ ಅದನ್ನು ಗುರುತೇ ಹಿಡಿದಿಲ್ಲ. ಕೆಲವರಿಗೆ ಹಾಗಾಗುತ್ತದಂತೆ, ಆ ಮಾತ್ರೆಗಳಿಂದ. ಮೂರನೆಯದು ಕೊಟ್ಟು ನೋಡಬೇಕೆಂಬ ಮಾತು ನಡೆದಿದೆಯಂತೆ, ಆದೇಶ ಬಂದಿಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ. ಆಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿ ಹೇಳಿದರು:

"ಇಂಥವರಿಗೆ ಅವರ ಲಸಿಕೆ ನಂಬ್ಕೊಂಡು ಕೂರೋ ಹಾಗಿಲ್ಲಮ್ಮ. ಸುತ್ತ ಇರೋರಿಗೆ ಸರಿಯಾಗಿ ಎರಡೂ ಆಗಿದ್ರೆ, ಅದೇ ಇವರಿಗೆ ಗೋಡೆ. ಮನೇಲಿ ಇರೋದು ನೀವೊಬ್ರೇ."

ಅಂದರೆ ಆ ಡೋಸು ನನಗೇ ಬೇಕಿತ್ತು. ಅವಳಿಗೋಸ್ಕರವೇ ನನಗೆ ಬೇಕಿತ್ತು. ಗೋಡೆಯಾಗಬೇಕಾದವಳು ಒಂದು ತಿಂಗಳಿಂದ ಜ್ವರದ ಬ್ಲಾಕಿನ ಕೊಳೆ ಹೊತ್ತು ಮನೆಗೆ ಬರುತ್ತಿದ್ದೇನೆ.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ನನ್ನ ಬುದ್ಧಿಗೆ ನಾನೇ ಹಾಕಿಕೊಳ್ಳಬೇಕು ಎರಡು ಏಟು.

ಮೇ 7, ಶುಕ್ರವಾರ

ಚಾರ್ಟಿಗೆ ನಾನೇ ಹೇಳುತ್ತೇನೆ ಎಂದು ತಂಗಿ ಕೂತಿದ್ದಾಳೆ. ಮಾತ್ರೆ ಮಾತ್ರೆ ಎಂದು ನಾನು. ಮೇ 20ರವರೆಗೆ ಸುಮ್ಮನಿರುತ್ತೇನೆ, ಆಮೇಲೆ ಇಲ್ಲ ಎಂದಳು. ಅಲ್ಲಿಯವರೆಗೆ ನಾನು ಲಾಂಡ್ರಿಯ ಸ್ಟೋರಿನಲ್ಲೇ ಮಲಗುವುದೆಂದಾಯಿತು. ಹೊದಿಕೆಗಳ ರಾಶಿಯ ಮೇಲೆ. ಅಲ್ಲಿ ಇಲಿಗಳಿಲ್ಲ, ಬ್ಲೀಚಿಗೆ ಹೆದರಿ ಓಡಿಹೋಗಿವೆ.

ಮೇ 13, ಗುರುವಾರ. ಸ್ಟೋರ್

ಫೋನಿನಲ್ಲಿ ಜಗಳ. ಇಪ್ಪತ್ತನೇ ತಾರೀಖಿನ ಡೋಸು ಯಾರಿಗೆ?

ನನ್ನ ವಾದ: ಅದು ಅವಳ ಹೆಸರಿನದು. ಹೋಗಿ ಹಾಕಿಸಿಕೊಂಡರೆ ಅದೇ ಮೂರನೆಯದಾಗುತ್ತದೆ. ಆದೇಶಕ್ಕೆ ಕಾಯುವುದೇ ಬೇಡ. ಯಾರಿಗೆ ಗೊತ್ತು, ಮೂರನೆಯದಕ್ಕೆ ಮೈ ಎಚ್ಚೆತ್ತರೂ ಎಚ್ಚೆತ್ತೀತು. ಮತ್ತೆ ಅದೇ ಚಾಳಿ ನಿನ್ನದು ಎಂದಳು. ಫೋನಿಟ್ಟಳು. ಹತ್ತು ನಿಮಿಷದ ಮೇಲೆ ಅವಳೇ ಮಾಡಿದಳು. ಅಷ್ಟು ಹೊತ್ತು ಏನು ಹೇಳಬೇಕೆಂದು ತಿದ್ದಿ ತಿದ್ದಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ. ಒಂದೇ ಉಸಿರಿಗೆ ಹೇಳಿದಳು.

"ನಂಗೆ ಹಾಕಿದ್ರೆ ಮತ್ತೆ ಸೊನ್ನೆ ಆಗ್ಬಹುದು. ನಿಂಗೆ ಹಾಕಿದ್ರೆ ಇಬ್ರಿಗೂ ಆಗುತ್ತೆ. ಅದು ಬಿಡು. ಹನ್ನೊಂದು ವರ್ಷದಿಂದ ನೀನು ಕೊಡ್ತಾನೇ ಇದ್ದೀಯ, ನಾನು ತಗೋತಾನೇ ಇದ್ದೀನಿ. ಸಾಕಾಗಿದೆ ನಂಗೆ. ಒಂದ್ಸಲ, ಒಂದೇ ಒಂದ್ಸಲ, ನನ್ನ ಕೈಯಿಂದ ಏನಾದ್ರೂ ತಗೋ."

ಆಗಲಿ ಎಂದೆ. ಹೊದಿಕೆ ಮುಖಕ್ಕೆ ಒತ್ತಿಕೊಂಡು ಅತ್ತೆ. ಈ ಸಲ ನಾಟಕವಿಲ್ಲ.

ಮೇ 19, ಬುಧವಾರ. ಬೆಳಿಗ್ಗೆ

ನಾಳೆ ನಾನು ಅವಳಾಗಬೇಕಲ್ಲ, ನನ್ನನ್ನು ಪರೀಕ್ಷೆ ಮಾಡಿದಳು, ಫೋನಿನಲ್ಲಿ. ಹುಟ್ಟಿದ ದಿನ? ಹೇಳಿದೆ. ವರ್ಷ? ಆರು ವರ್ಷ ಸಣ್ಣವಳಾದೆ. ಕಸಿಯಾದ ತಿಂಗಳು? ಅದನ್ನು ನನಗೆ ಹೇಳಿಕೊಡಬೇಕೇ. ಅಲರ್ಜಿ? ಇಲ್ಲ ಎಂದೆ. ಸೀಗಡಿ ಎಂದಳು. ಯಾವಾಗಿನಿಂದ? ಮೂರು ವರ್ಷದಿಂದ. ನನಗೆ ಗೊತ್ತೇ ಇರಲಿಲ್ಲ. ಮಾತ್ರೆಯ ಬಣ್ಣವೆಲ್ಲ ಗೊತ್ತು, ಇದು ಗೊತ್ತಿಲ್ಲ.

ಮೇ 20, ಗುರುವಾರ. ಮಧ್ಯಾಹ್ನ 1.15

ಹಾಕಿಸಿಕೊಂಡೆ. ಮೊದಲನೆಯದು ಹಾಕಿಸಿಕೊಂಡ ಎಂಬತ್ತೇಳನೇ ದಿನ.

ಸಾಲು ಗೇಟಿನಾಚೆಗೂ ಇತ್ತು. ಅವಳ ಹೆಸರು ಕೂಗಿದಾಗ ಮಾತ್ರ ಮರೆಯದೆ ಎದ್ದೆ. ಒಳಗೆ ನರ್ಸು, ನನ್ನ ವಯಸ್ಸಿನವಳೇ, ಪರದೆ ನೋಡಿ ತೋಳಿನ ಮೇಲೆ ಕೈಯಿಟ್ಟಳು. ಕಿಡ್ನಿ ಕಸಿ ಆದವರಾ ಎಂದಳು. ಹೂಂ. ಯಾರು ಕೊಟ್ಟರು?

"ಅಕ್ಕ" ಎಂದೆ.

ಹೇಗಿದ್ದಾರೆ ಈಗ ಅಕ್ಕ ಎಂದು ಕೇಳಿದಳು. ಹತ್ತಿಯಿಂದ ಒರೆಸುತ್ತ ಸುಮ್ಮನೆ ಕೇಳಿದ ಮಾತು. ಇದ್ದಾಳೆ, ಸ್ವಲ್ಪ ಜಗಳಗಂಟಿ ಎಂದೆ. ನಕ್ಕಳು. ನೀವು ಚೆನ್ನಾಗಿದ್ದರೆ ಅವರಿಗೆ ಅಷ್ಟೇ ಸಾಕಿರುತ್ತದೆ, ಕೊಟ್ಟವರಿಗೆ ಇನ್ನೇನೂ ಬೇಕಿರುವುದಿಲ್ಲ ಎಂದು ಸೂಜಿ ಚುಚ್ಚಿದಳು.

ಬೇಕಿರುತ್ತದೆ. ದಿನಾ ಬೇಕಿರುತ್ತದೆ. ನನ್ನನ್ನು ಬಿಟ್ಟರೆ ಅವಳಿಗೆ ಗತಿಯಿಲ್ಲವೆಂದು ದಿನಕ್ಕೆ ನಾಲ್ಕು ಸಲ ಮಾತ್ರೆ ಇಟ್ಟು ನೋಡಿಕೊಳ್ಳಬೇಕಿರುತ್ತದೆ. ಚುಚ್ಚಿದ ಮೇಲೆ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರ್ಧ ಗಂಟೆ ಕೂತಾಗ ಇದು ಗೊತ್ತಾಯಿತು. ನಾಚಿಕೆಯಾಯಿತು.

ಜ್ವರ ಬಂದರೆ ಹೆದರಬೇಡಿ ಎಂದರು. ಎರಡು ದಿನ ಇರುತ್ತದಂತೆ. ಎರಡು ದಾಟಿದರೆ ಫೋನ್ ಮಾಡಬೇಕಂತೆ.

ಮೂರು ದಿನ ರಜೆ ಹಾಕಿದ್ದೇನೆ. ಇವತ್ತು ಮನೆ. ಮುಂದಿನ ಕೋಣೆ ನನಗೆ, ಒಳಕೋಣೆ ಅವಳಿಗೆ, ನಡುವೆ ಬಾಗಿಲು.

ಮೇ 21, ಶುಕ್ರವಾರ. ಬೆಳಿಗ್ಗೆ 8

ಜ್ವರ. ನೂರಾ ಒಂದು. ತೋಳು ಕಲ್ಲಾಗಿದೆ. ಮೈಕೈ ನೋವು. ಖುಷಿಯಾಗಿದೆ! ಕೆಲಸ ಮಾಡುತ್ತಿದೆ ಎಂದು ಬಾಗಿಲ ಮೂಲಕ ಕೂಗಿ ಹೇಳಿದೆ. ಅವಳು ಆ ಕಡೆಯಿಂದ ಚಪ್ಪಾಳೆ ತಟ್ಟಿದಳು.

ಮೇ 22, ಶನಿವಾರ. ಸಂಜೆ 4

ನೂರಾ ಒಂದೂವರೆ. ತೋಳಿನ ನೋವು ಇಳಿದಿದೆ. ಜ್ವರ ಇಳಿದಿಲ್ಲ. ತೋಳಿನದು ಮೊದಲು ಹೋಗುತ್ತದೆ ಅನ್ನಿಸುತ್ತದೆ, ಆಮೇಲೆ ಜ್ವರ. ಯಾರನ್ನು ಕೇಳಲಿ.

ಬುಧವಾರ ಕೊಳೆ ಬದಿಯಲ್ಲಿ ಒಂದು ಹಳದಿ ಚೀಲ ಹರಿದಿತ್ತು. ಹರಿದದ್ದು ಸ್ವಲ್ಪವೇ. ಬರೆಯಬಾರದೆಂದಿದ್ದೆ.

ಕಿಟಕಿ ಪೂರ್ತಿ ತೆರೆದಿದ್ದೇನೆ. ಬಾಗಿಲಿನ ಕೆಳಗಿನ ಸಂದಿಗೆ ಒದ್ದೆ ಟವೆಲು ತುರುಕಿದ್ದೇನೆ. ಎಲ್ಲಾದರೂ ಹೋಗಿ ಇರು ಎಂದರೆ ಎಲ್ಲಿಗೆ ಎನ್ನುತ್ತಾಳೆ. ಅದೂ ನಿಜ.

ಮೇ 23, ಭಾನುವಾರ. ಬೆಳಿಗ್ಗೆ 7.30

ಮೂರನೇ ದಿನ.

ತಂಗಿ ಚಾರ್ಟಿಗೆ ಫೋನ್ ಮಾಡಿ ಎಲ್ಲ ಹೇಳಿದಳಂತೆ. ಇಪ್ಪತ್ತು ದಾಟಿದರೆ ಸುಮ್ಮನಿರುವುದಿಲ್ಲ ಎಂದಿದ್ದಳಲ್ಲ. ನಾಳೆ ನಿನ್ನನ್ನು ಅಡ್ಮಿಟ್ ಮಾಡಬೇಕಾಗಿ ಬಂದರೆ, ಎರಡನೇ ಡೋಸ್ ಆಗಿದ್ದು ಮಾರ್ಚಿನಲ್ಲಲ್ಲ, ಮೊನ್ನೆ ಎಂದು ಡಾಕ್ಟರಿಗೆ ಗೊತ್ತಿರಬೇಡವೇ ಎಂದಳು. ಕೆಲಸ ಹೋದರೆ ಹೋಗಲಿ ಎಂದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೆಗಲಿನಿಂದ ಏನೋ ಇಳಿದ ಹಾಗಾಯಿತು. ಚಾರ್ಟು, ಮೊದಲು ಜ್ವರ ನೋಡಿ ಹೇಳಿ, ಗಾಡಿ ಕಳಿಸುತ್ತೇನೆ ಎಂದನಂತೆ.

ಈಗ ಅವಳು ಬಾಗಿಲಿಗೇ ಒರಗಿ ಕೂತಿದ್ದಾಳೆ. ಹಲಗೆ ಕಿರುಗುಟ್ಟಿದ್ದು ಕೇಳಿಸಿತು. ಏಳು, ಹಿಂದಕ್ಕೆ ಹೋಗು, ಆ ಕಿಟಕಿ ಹತ್ತಿರ ಹೋಗು ಎಂದೆ. ಏಳಲಿಲ್ಲ. ಇನ್ನೆಷ್ಟು ದಿನ ಹೀಗೆ ಬಾಗಿಲು ಹಾಕಿಕೊಂಡಿರಬೇಕು, ಲೆಕ್ಕ ಹೇಳು, ಕಾಯುತ್ತೇನೆ ಎನ್ನುತ್ತಾಳೆ. ಇಪ್ಪತ್ತೆಂಟು ಕಾದಿದ್ದೇವೆ, ಎಂಬತ್ತನಾಲ್ಕು ಕಾದಿದ್ದೇವೆ, ಇದೆಷ್ಟು?

ಥರ್ಮಾಮೀಟರ್ ಬಾಯಲ್ಲಿದೆ. ಮಾತಾಡುವ ಹಾಗಿಲ್ಲ. ಇರು ಎಂದು ಬಾಗಿಲಿಗೆ ಬೆರಳಲ್ಲಿ ಕುಟ್ಟಿದೆ. ಅವಳೂ ಕುಟ್ಟಿದಳು. ಇನ್ನೊಂದು ಸಲ ಕುಟ್ಟಿದಳು. ಎಷ್ಟು ಬಂತು, ಜೋರಾಗಿ ಓದು ಎನ್ನುತ್ತಾಳೆ.

ಬೀಪ್ ಆಯಿತು. ಜೋರಾಗಿ ಓದುತ್ತಿದ್ದೇನೆ:

ನೂರಾ